ಬೋರ್ಡಿನ ಮೇಲೆ ಮೋಹನಣ್ಣ

ವೇದಿಕೆಯ ಗಣ್ಯರೇ, ಹಂಪನಕಟ್ಟೆಯ ಹೋಟೆಲ್ ಮಾಲಕ ಬಂಧುಗಳೇ, ನಮ್ಮ ಕಂಪೆನಿಯ ಮಕ್ಕಳೇ, ಸಭಿಕರೇ, ಮೊದಲು ಅಧ್ಯಕ್ಷರಿಗೆ ವಂದಿಸುವುದು ಕ್ರಮ. ಇವತ್ತಿನ ಅಧ್ಯಕ್ಷ ನಿಮ್ಮ ಈ ಮೋಹನಣ್ಣನೇ ಆದ್ದರಿಂದ ಅದನ್ನು ಬಿಡುತ್ತೇನೆ.

ಇದು ದೀಕ್ಷಿತಾರ ಬೀಳ್ಕೊಡುಗೆ. ನಮ್ಮ ಹೋಟೆಲ್ ಬಿಲ್ಲಿನ ಸಾಫ್ಟ್‌ವೇರ್ ನೋಡಿಕೊಂಡವರು. ರಾಜೀನಾಮೆ ಯಾಕೆ ಎಂದು ಕೇಳಿದೆ. "ವಾಸನೆ, ಸರ್" ಎಂದರು.

ಬಂದರಿನಲ್ಲಿ ಒಣಮೀನಿನ ಗೋದಾಮಿನ ಮಹಡಿಯಲ್ಲಿ ಕೂತು ಆ ಸಾಫ್ಟ್‌ವೇರ್ ಬರೆದವನು ನಾನು. ನನಗೆ ವಾಸನೆ ಹೇಳಿಕೊಡಬೇಕೇ?

ಹೇಳಿಕೊಟ್ಟರು. ಕೋಡ್ ಓಡುತ್ತದೆ, ಬಿಲ್ಲೂ ಸರಿಯಾಗಿ ಬರುತ್ತದೆ. ಆದರೆ ತೆರೆದು ನೋಡಿದವರು ಮೂಗು ಮುಚ್ಚಿಕೊಳ್ಳುತ್ತಾರೆ, ಒಳಗೆ ಏನೋ ಕೆಡುತ್ತಾ ಉಂಟು ಎಂದು. ಅದಕ್ಕೆ ಕೋಡ್ ಸ್ಮೆಲ್ ಎನ್ನುತ್ತಾರಂತೆ. ಹೆಸರಿಟ್ಟರೆ ಮುಂದಿನ ಸಲ ಗುರುತು ಸಿಗುತ್ತದೆ ಎಂದು ನಮ್ಮ ಹುಡುಗರು ಬೋರ್ಡಿನಲ್ಲಿ ಒಂದೊಂದಕ್ಕೂ ಹೆಸರು ಬರೆದಿದ್ದರು. ಒಂದು ಕೆಲಸಕ್ಕೆ ಹೊರಟು ಸಿಕ್ಕಸಿಕ್ಕಲ್ಲಿ ನಿಲ್ಲುವ ಉದ್ದದ ಕೋಡಿಗೆ 'ಕಾವೂರು ಬಸ್ಸು'. ಯಾರೂ ಕರೆಯದೆ ಮೂಲೆಯಲ್ಲಿ ಕೂತಿರುವ, ಎಬ್ಬಿಸಲು ಯಾರಿಗೂ ಧೈರ್ಯವಿಲ್ಲದ ಕೋಡಿಗೆ 'ದೊಡ್ಡಪ್ಪ'. ನಾನು ನಕ್ಕದ್ದೇ ನಕ್ಕದ್ದು. ಕೊನೆಯಲ್ಲಿ 'ಮೋಹನಣ್ಣ' ಎಂದಿತ್ತು.

"ಇದು ಯಾರು ಮಾರಾಯ?" ಎಂದೆ.

"ಅದು ಬೇರೆ ಮೋಹನಣ್ಣ ಸರ್, ನಿಮಗೆ ಪರಿಚಯ ಇಲ್ಲ" ಎಂದ ಆ ಹುಡುಗರಲ್ಲೊಬ್ಬ, ಗೇವಿನ್.

ದೀಕ್ಷಿತಾ ಸುಳ್ಳು ಹೇಳಲಿಲ್ಲ. "ನೀವು ಬರೆದ ಫೈಲೇ ಸರ್. ಎಲ್ಲವೂ ಅದರ ಮೂಲಕವೇ ಹೋಗಬೇಕು. ಚಹಾದ ರೇಟು ಬದಲಿಸಿದರೆ ರೂಮಿನ ಬಾಡಿಗೆ ಅಲ್ಲಾಡ್ತದೆ. ಒಡೆದು ಬೇರೆ ಬೇರೆ ಮಾಡ್ತೇನೆ ಅಂದ್ರೆ ನೀವು ಬಿಡುವುದಿಲ್ಲ. ಮತ್ತೆ ನಾನಿಲ್ಲಿ ಇದ್ದು ಎಂತ ಮಾಡುವುದು?"

ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುವುದು ತಪ್ಪೇ? ಆಗ ಬೇರೆ ಯಾರಿದ್ದರು? ಬರೆದವನು ನಾನು, ಹೋಟೆಲಿನಿಂದ ಹೋಟೆಲಿಗೆ ಹೊತ್ತವನು ನಾನು... ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ರತ್ನಾವತಿ ನಗುತ್ತಿದ್ದಾಳೆ. ಮನೆಗೆ ಮೀನು ಆರಿಸುವುದೂ ನಾನೇ, ಅದಕ್ಕೆ.

ಈಗಷ್ಟೇ ಆಮಂತ್ರಣ ಪತ್ರಿಕೆ ನೋಡಿದೆ. ಸ್ವಾಗತ, ಮೋಹನದಾಸ್. ಪ್ರಾಸ್ತಾವಿಕ, ಮೋಹನದಾಸ್. ಅಧ್ಯಕ್ಷತೆ, ಮೋಹನದಾಸ್. ಧನ್ಯವಾದ ಮಾತ್ರ ಗೇವಿನ್. ಅದನ್ನೂ ಬರೆದುಕೊಟ್ಟವನು ನಾನು. ಸಭಿಕರೇ, ವಾಸನೆ ನನಗೂ ಬಂತು.

ದೀಕ್ಷಿತಾ, ಆ ಫೈಲನ್ನು ಒಡೆಯಿರಿ, ನನ್ನನ್ನು ಕೇಳಬೇಡಿ. ಹೋಟೆಲ್ ಮಾಲಕರ ಎದುರೇ ಹೇಳಿದ್ದೇನೆ, ಇನ್ನು ಮಾತು ತಪ್ಪಿದರೆ ಅವರು ನನಗೆ ಚಹಾ ಕೊಡಲಿಕ್ಕಿಲ್ಲ. ಇರುವುದೋ ಹೋಗುವುದೋ, ಅದನ್ನು ನಾನು ಹೇಳುವುದಿಲ್ಲ. ಮೈಕು ನಿಮ್ಮದು.

ಗೇವಿನ್, ಆ ಚೀಟಿ ಬಿಸಾಡು. ನಿನಗೆ ತೋಚಿದ್ದು ಹೇಳು. ನನ್ನ ಹೆಸರು ಬಿಟ್ಟುಹೋದರೂ ಅಡ್ಡಿಯಿಲ್ಲ. ಕೊನೆಗೆ ಸೇರಿಸಿದರೂ ಆದೀತು.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮ ಉಪಕಾರ ದೊಡ್ಡದು. ನಮಸ್ಕಾರ.