ಪರಲೋಕಕ್ಕೆ ಒಬ್ಬಳೇ ಹೆಂಡತಿ

ನಗಬ್ಯಾಡ್ವೇ ಗಂಗೂ! ನಗೋ ಮಾತಾ ಇದು? ಪೂರ್ತಿ ಕೇಳು, ಆಮೇಲೆ ಬೇಕಾದ್ರೆ ಹೊಟ್ಟೆ ಹಿಡ್ಕೊಂಡು ನಗು. ಪರಲೋಕದಲ್ಲಿ ಗಂಡ ಹೆಂಡ್ತಿ ಅನ್ನೋದೇ ಇಲ್ವಂತೆ! ಇಲ್ವಂತೆ ಕಣೇ! ಇವತ್ತು ಪ್ರಾರ್ಥನೆ ಮುಗಿದ್ಮೇಲೆ ಪಾಸ್ಟರೇ ಹೇಳಿದ್ರು. ಪುಸ್ತಕ ತೆಗೆದು, ಸಾಲಿನ ಮ್ಯಾಲೆ ಬೆರಳಿಟ್ಟು ಹೇಳಿದ್ರು. ಸತ್ತೋರು ಎದ್ದು ಬಂದ್ಮೇಲೆ ಮದುವೆ ಇಲ್ಲ, ಗಿದುವೆ ಇಲ್ಲ, ಎಲ್ಲಾ ದೇವದೂತ್ರ ಥರ ಇರ್ತಾರಂತೆ. ನಮ್ಮ ವೆಂಕಟರಾಮಪ್ಪ ದೇವದೂತ! ಬೆನ್ನಿಗೆ ರೆಕ್ಕೆ, ಕಿವಿ ಸಂದೀಲಿ ಬೀಡಿ...

ನೋಡು, ಮತ್ತೆ ನಗ್ತಾಳೆ. ಗಂಡ ಸತ್ತು ವರ್ಷ ತುಂಬಿಲ್ಲ, ಹೆಂಡ್ರಿಬ್ರೂ ಕೂತು ಹಲ್ಲು ಕಿರೀತಾವೆ ಅಂತಾರೆ ಊರೋರು. ಸರ್ಕೊ ಇತ್ಲಾಗೆ. ಆ ಚಂದ್ರಂಕಿ ತಟ್ಟೆ ನನ್ನ ಕಡೆ ತಿರುಗ್ಸು, ನಾನೂ ರೇಷ್ಮೆಗೂಡು ಬಿಡಿಸ್ತೀನಿ. ನಾಳೆ ಬೆಳಿಗ್ಗೇನೇ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗ್ಬೇಕು, ನೀನೊಬ್ಬಳೇ ಎಷ್ಟೂಂತ ಬಿಡಿಸ್ತೀಯಾ? ಕೈ ತೊಳ್ಕೊಂಡೇ ಬಂದಿದೀನಿ ಕಣಮ್ಮ. ಪ್ರಾರ್ಥನೆಗೆ ಹೋಗಿ ಬಂದ ಕೈ ಅಂತ ಗೂಡೇನು ಕೆಟ್ಟೋಗಲ್ಲ.

ಏನಂದೆ? ಹೂಂ, ಅಲ್ಲಿ ಹೆಂಗಿರುತ್ತೆ ಅಂತ ಎಲ್ಲಾ ಕೇಳ್ಕೊಂಡೇ ಬಂದೆ. ಮನೆ ಬದಲಾಯಿಸೋಕೆ ಮುಂಚೆ ನೀರು ಬರುತ್ತಾ, ಕರೆಂಟ್ ಐತಾ ಅಂತ ಕೇಳಲ್ವಾ ಜನ, ಹಂಗೆ. ರಸ್ತೆ ಎಲ್ಲಾ ಚಿನ್ನದ್ದಂತೆ! ಇಲ್ಲಿಂದ ಜಂಗಮಕೋಟೆಗೆ ಹೋಗೋ ದಾರೀಲಿ ಗುಂಡಿ ಮುಚ್ಚೋರಿಲ್ಲ, ಅಲ್ಲಿ ಚಿನ್ನ. ಸೂರ್ಯನೂ ಬ್ಯಾಡ್ವಂತೆ, ದೇವರ ಬೆಳಕೇ ಸಾಕಂತೆ, ರಾತ್ರಿನೇ ಆಗಲ್ವಂತೆ. ರಾತ್ರಿ ಆಗ್ದಿದ್ರೆ ಜನ ಮಲಗೋದು ಯಾವಾಗ ಸ್ವಾಮಿ ಅಂದೆ. ಅಲ್ಲಿ ದಣಿವೇ ಇಲ್ಲಮ್ಮ ಅಂದ್ರು. ಹಸಿವೂ ಇಲ್ವಂತೆ! ಹಸಿವಿಲ್ದಿರೋ ಜಾಗದಲ್ಲಿ ಆಯಪ್ಪ ಏನೇ ಮಾಡ್ತಾನೆ? ಹುರುಳಿ ಬಸ್ಸಾರು ಇಲ್ಲ ಅಂದ್ರೆ ತಟ್ಟೆ ತಳ್ಳಿ ಎದ್ದೋಗ್ತಿದ್ದ ಮನುಷ್ಯ! ಹೊತ್ತೆಲ್ಲಾ ಹಾಡ್ತಾ ಇರ್ಬೇಕಂತೆ. ಅದು ಇನ್ನೂ ಚೆಂದ. ರಾಮರ ಗುಡಿ ಭಜನೇಲಿ ಆಯಪ್ಪನ ಗಂಟಲು ಕೇಳಲಾರ್ದೆ ತಾಳ ಕೈಗೆ ಕೊಟ್ಟು, ಬಾಯಿ ಮುಚ್ಕೊಂಡು ಇದನ್ನ ಬಡಿ ಅಂದಿದ್ರು. ಪಾಪ, ದೇವರು ಹೆಂಗೆ ತಡ್ಕೊಂಡವ್ನೋ.

ಬಟ್ಟೆ? ಎಲ್ರಿಗೂ ಬಿಳೀದು. ರೇಷ್ಮೆನಾ ಅಂತ ಕೇಳ್ದೆ. ಪಾಸ್ಟರು ಕೆಮ್ಮಿದ್ರು. ಯಾಕೆ, ಕೇಳಬಾರ್ದಾ? ಹುಟ್ಟಿದಾಗಿಂದ ಹುಳ ಸಾಕಿದೀನಿ, ಅಲ್ಲಾದ್ರೂ ಒಂದು ಒಳ್ಳೆ ಸೀರೆ ಉಡಬಾರ್ದಾ? ಹುಳ ಅಂದ್ರೆ ನೆನಪಾಯ್ತು... ನಾವು ಸೊಪ್ಪು ಕೊಯ್ದು ಹಾಕಿ, ಪೊರೆ ಬಿಡೋಕೆ ಜ್ವರಕ್ಕೆ ಕೂತಾಗ ಹೆಜ್ಜೆ ಸದ್ದು ಮಾಡ್ದಂಗೆ ಓಡಾಡಿ, ಮಗು ಥರ ನೋಡ್ಕೊಂಡು, ಕೊನೆಗೆ ಬಿಸಿನೀರಿಗೆ ಕಳಿಸ್ತೀವಲ್ಲ, ಅವೆಲ್ಲಾ ಪರಲೋಕದ ಮುತ್ತಿನ ಬಾಗ್ಲಲ್ಲಿ ಕಾಯ್ತಾ ಕೂತಿದ್ರೆ? ಬಂದ್ಯಾ ತಾಯಿ, ಸೊಪ್ಪು ಹಾಕು ಅಂತ? ಅಲ್ಲೂ ನಂಗೆ ಕುಡುಗೋಲು ತಪ್ಪಲ್ಲ ಬಿಡು.

ಚಾಲಮ್ಮ ಚಾಲು, ನಕ್ಕಿದ್ದು ಸಾಕು. ಗೂಡಿನ ಮ್ಯಾಲೆ ಜಾಳು ಎಳೆ ಉಳಿಸ್ಬ್ಯಾಡ, ಸರಿಯಾಗಿ ತೆಗಿ.

ಆಯಪ್ಪ ಇದಕ್ಕೆಲ್ಲಾ ಒಪ್ಕೊಂಡ ನೋಡು. ಪ್ರಾರ್ಥನೇಲಿ ಬೆನ್ನುನೋವು ಬಿಡ್ತು ಅಂತ ಹೋಗೋಕೆ ಶುರು ಮಾಡ್ದ, ಆಮೇಲೆ ದೀಕ್ಷಾಸ್ನಾನ ಕೊಡಿ ಅಂತ ಪಾಸ್ಟರ ಹಿಂದೆ ಬಿದ್ದ. ಅವ್ರೇನಂದ್ರು? ಇಬ್ರು ಹೆಂಡ್ರಿರೋರಿಗೆ ಕೊಡಲ್ಲ, ದೇವರ ಮುಂದೆ ಒಬ್ಬಳೇ, ಯಾರು ಅಂತ ನೀನೇ ಹೇಳು ಅಂದ್ರು. ಹೇಳ್ತಾನಾ ಕಳ್ಳ! ಎರಡು ದೋಣಿ ಮ್ಯಾಲೆ ಕಾಲಿಟ್ಟು ಆರಾಮಾಗಿದ್ದೋನು. ಮುಂದಿನ ವಾರ, ಮುಂದಿನ ತಿಂಗಳು ಅಂತ ತಳ್ಳಿದ್ದೇ ತಳ್ಳಿದ್ದು. ಕೊನೆಗೆ ಲಕ್ವ ಹೊಡೆದು ಮಾತೇ ಹೋಯ್ತಲ್ಲ, ಆವಾಗ ಪಾಸ್ಟರು ಮಂಚದ ಹತ್ರ ಬಂದು, ಬಾಯಲ್ಲಿ ಆಗ್ದಿದ್ರೆ ಕೈಲಾದ್ರೂ ತೋರ್ಸಪ್ಪ ಅಂದ್ರು. ತೋರ್ಸ್ದ. ನನ್ನ ತೋರ್ಸ್ದ. ಮುಳುಗಿಸೋಕಾಗಲ್ಲ ಅಂತ ತಲೆ ಮ್ಯಾಲೇ ನೀರು ಹುಯ್ದ್ರು, ಆಮೆನ್ ಅಂದ್ರು, ಆಯ್ತು. ನೀನು ಅಡುಗೆ ಮನೇಲಿದ್ದೆ, ನಿಂಗೇನು ಗೊತ್ತು.

ಅದಕ್ಕೇ ಇವತ್ತು ಕೇಳ್ದೆ. ಬರೋ ಭಾನುವಾರ ನಾನೂ ಮುಳುಗೇಳ್ತೀನಲ್ಲ ಸ್ವಾಮಿ, ನಾಳೆ ಸತ್ತು ಅಲ್ಲಿಗೆ ಹೋದ್ರೆ ಆಯಪ್ಪ ನನ್ನ ಗುರ್ತು ಹಿಡೀತಾನಾ ಅಂತ. ಹಿಡೀತಾನಮ್ಮ ಅಂದ್ರು. ನನ್ನ ಹೆಂಡ್ತಿ ಬಂದ್ಲು ಅಂತಾನಾ ಅಂದೆ. ಆವಾಗ ತೆಗೆದ್ರು ಪುಸ್ತಕ! ಸಹೋದರಿ ಅಂತಾನಂತೆ. ಸಹೋದರಿ! ಥೂ! ಇಷ್ಟು ವರ್ಷ ಸಂಸಾರ ಮಾಡಿ, ಕೊನೇಲಿ ಮಗ್ಗುಲು ಬದಲಾಯಿಸಿ, ಮೈ ಒರೆಸಿ, ಅಲ್ಲೋಗಿ ಅಣ್ಣಾ ಚೆನ್ನಾಗಿದೀಯಾ ಅಂತ ಕೇಳ್ಬೇಕಾ ನಾನು? ಮೋಸ ಅಲ್ವಾ ಇದು? ಮೊದ್ಲೇ ಹೇಳ್ಬಾರ್ದಾಗಿತ್ತಾ ಅವ್ರು? ಆವತ್ತೇ ಹೇಳಿದ್ರೆ ನಾನ್ಯಾಕೆ ಅಷ್ಟೊಂದು...

ಏನಿಲ್ಲ. ಏನೂ ಇಲ್ಲ ಅಂದ್ನಲ್ಲ. ಗೂಡು ಬಿಡಿಸು ನೀನು.

ಯಾಕೆ ಹಂಗೆ ನೋಡ್ತಿದೀಯಾ? ಇಷ್ಟೊತ್ತು ಇದ್ದ ನಗು ಎಲ್ಲೋಯ್ತು?

ಹೂಂ, ಕೋಪ ಬಂತು. ಬರಲ್ವಾ ಮತ್ತೆ? ಇಲ್ಲಿ ಎಲ್ಲಾ ಹಂಚ್ಕೊಂಡೇ ಬದುಕಿದ್ದು ನಾನು. ನಂಗೆ ಮಕ್ಕಳಾಗ್ಲಿಲ್ಲ. ಬ್ಯಾರೆ ಯಾವಳೋ ಬರೋ ಬದಲು ನನ್ನ ತಂಗೀನೇ ಬರ್ಲಿ ಅಂತ ನಾನೇ ಹೋಗಿ ಅಮ್ಮನ ಕಾಲು ಹಿಡಿದೆ. ಹಾದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡಳು ಅಂತ ಊರೋರು ನಕ್ರು. ನಾನೇ ನಿನ್ನ ತಲೆ ಬಾಚಿ ಹೂವು ಮುಡಿಸ್ದೆ, ನಾನೇ ಆಯಪ್ಪನ ಪಕ್ಕದಲ್ಲಿ ಹಸೆ ಮ್ಯಾಲೆ ಕೂರಿಸ್ದೆ. ಒಳಗಿನ ಕೋಣೆ ನಿಂಗೆ ಬಿಟ್ಟು ನಡುಮನೇಲಿ ಚಾಪೆ ಹಾಸ್ಕೊಂಡೆ. ಹಿರೀ ಹೆಂಡ್ತಿ ಅಂತ ಅರಿಶಿನ ಕುಂಕುಮ ಮೊದ್ಲು ನಂಗೇ ಕೊಡೋರು ಎಲ್ರೂ. ಆ ಕುಂಕುಮ ಇಟ್ಕೊಂಡು ರಾತ್ರಿ ಎಲ್ಲಾ ಗೋಡೆ ನೋಡ್ತಾ ಮಲಗ್ತಿದ್ದೆ ಕಣೇ. ಮುರಳಿಮೋಹನ ಹುಟ್ಟಿದಾಗ ನನ್ನ ಮಡಿಲಿಗೇ ಹಾಕ್ದೆ ನೀನು, ಅದನ್ನ ಮರೆತಿಲ್ಲ. ಆದ್ರೂ ಅವನು ಅಮ್ಮ ಅನ್ನೋದು ನಿನ್ನನ್ನ, ನಾನು ದೊಡ್ಡಮ್ಮ. ಹುಡುಗನ ತಪ್ಪಲ್ಲ. ನಿನ್ನ ತಪ್ಪೂ ಅಲ್ಲ. ನಿನ್ನ ಮ್ಯಾಲೆ ಒಂದಿನಾನೂ ಹೊಟ್ಟೆಕಿಚ್ಚು ಪಟ್ಟೋಳಲ್ಲ ನಾನು...

ಪಟ್ಟೆ. ದಿನಾ ಪಟ್ಟೆ. ಈಗ ಯಾಕೆ ಸುಳ್ಳು.

ಹಂಗಿರೋವಾಗ ಆ ಪಾಸ್ಟರು ಬಂದು, ಒಬ್ಬಳಿಗೇ ಜಾಗ ಇರೋ ಲೋಕ ಒಂದೈತೆ ಅಂದ್ರು. ನಂಗೆ ಚಿನ್ನದ ರಸ್ತೆ ಯಾಕೆ ಬೇಕು, ಹಾಡು ಯಾಕೆ ಬೇಕು? ಸತ್ತ ಮ್ಯಾಲಾದ್ರೂ ಆಯಪ್ಪ ನನ್ನೊಬ್ಬಳಿಗೇ ಗಂಡ ಆಗಿರ್ತಾನಲ್ಲ, ಅಷ್ಟೇ ಸಾಕಾಗಿತ್ತು. ಅಷ್ಟು ಆಸೆ ಪಡಬಾರ್ದಾ ಒಬ್ಬಳು?

ಮಾತಾಡೇ. ಏಮೇ, ಬಾಯಿಗೇನಾಯ್ತು? ಆ ಗೂಡನ್ನ ಹಂಗೆ ಹಿಸುಕ್ಬ್ಯಾಡ, ಒಳಗೆ ಹುಳ ಐತೆ.

ತೋರ್ಸ್ದ ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು? ಕೈ ಎತ್ತಿದ, ನಾನು ಹಿಡ್ಕೊಂಡೆ. ಕಟ್ಕೊಂಡ ಗಂಡನ ಕೈ ಹಿಡಿಯೋದು ತಪ್ಪಾ? ಹೂಂ... ಪೂರ್ತಿ ಎತ್ತೋಕೆ ಮುಂಚೇನೇ ಹಿಡ್ಕೊಂಡೆ. ನಡುಗ್ತಿತ್ತು, ಮಂಚದ ಪಟ್ಟಿಗೆ ಬಡಿಯುತ್ತೇನೋ ಅಂತ... ಪಾಸ್ಟರು, ಸರಿ, ಆದಿಲಕ್ಷ್ಮಮ್ಮನೇ ಅಂದ್ರು. ನಾನು ಇಲ್ಲ ಅನ್ಲಿಲ್ಲ.

ಹಂಗೆ ನೋಡ್ಬ್ಯಾಡ್ವೇ ಗಂಗೂ, ನಿನ್ನ ಕಾಲಿಗೆ ಬೀಳ್ತೀನಿ.

ಆ ಕೈ ನನ್ನ ಕಡೆ ಬರ್ತಿರ್ಲಿಲ್ಲ. ನನ್ನ ಭುಜ ದಾಟಿ ಹಿಂದಕ್ಕೆ ಹೋಗ್ತಿತ್ತು, ಅಡುಗೆ ಮನೆ ಕಡೆ. ನಿನ್ನ ಕಡೆ. ನಾನು ಎರಡೂ ಕೈಲಿ ಹಿಡಿದು ಎದೆಗೆ ಒತ್ಕೊಂಡೆ. ಬಿಡಿಸ್ಕೊಳ್ಳೋಕೆ ಎಳೀತಿದ್ದ ಕಣೇ. ಲಕ್ವ ಹೊಡೆದೋನಿಗೆ ಎಲ್ಲಿತ್ತೋ ಅಷ್ಟು ಶಕ್ತಿ. ನಾನು ತಿರುಗಿ ನೋಡ್ಲಿಲ್ಲ, ಬಿಡ್ಲೂ ಇಲ್ಲ.

ಆಯ್ತಾ? ಹೇಳ್ದೆ. ಈಗ ಬಯ್ಯಿ. ಬಾಯಿಗೆ ಬಂದಂಗೆ ಬಯ್ಯಿ.

ಯಾಕೆ ಬಯ್ಯಲ್ಲ? ಗಂಗೂ... ನಿನ್ನ ಮೊಕದಲ್ಲಿ ಆಶ್ಚರ್ಯನೂ ಇಲ್ವಲ್ಲ. ಒಲೆ ಮುಂದೆ ಇದ್ದೆ ತಾನೇ ನೀನು? ಇದ್ದೆ ಅನ್ನು. ಅನ್ನೇ! ಇಲ್ವಾ? ಬಾಗ್ಲಲ್ಲಿದ್ಯಾ? ನನ್ನ ಬೆನ್ನ ಹಿಂದೇನೇ ನಿಂತಿದ್ಯಾ?

ಅಯ್ಯೋ ದೇವ್ರೇ... ನೋಡಿದ್ಯಾ ಎಲ್ಲಾನೂ? ಆಯಪ್ಪ ನಿನ್ನ ಮೊಕ ನೋಡ್ಕೊಂಡು ಎಳೀತಿದ್ದದ್ದು, ನಾನು ಬಿಡ್ದೇ ಇದ್ದದ್ದು, ಎಲ್ಲಾ ನೋಡಿ, ಏನೂ ಆಗ್ದೋಳ ಥರ ಬಂದು, ತಗೋಳಕ್ಕ, ನೀನೇ ಕುಡಿಸು ಅಂತ ಗಂಜಿ ಲೋಟ ನನ್ನ ಕೈಗೇ ಕೊಟ್ಯಲ್ಲೇ!