ಗುಂಡಿ ತೋಡಲಾಗದ ಮಳಿಗೆ

ಅಧ್ಯಕ್ಷತೆ ವಹಿಸಿರುವ ಜಂಬುಲಿಂಗಪ್ಪನವರೇ, ಈ ಬಿಸಿಲಲ್ಲಿ ಚಳ್ಳಕೆರೆಯಿಂದ ಬಂದಿರುವ ರೇಷ್ಮೆ ನೂಲಿನ ವ್ಯಾಪಾರಿ ಜುಲ್ಫಿಕರ್ ಸಾಹೇಬರೇ, ಮೊಳಕಾಲ್ಮೂರಿನ ನೇಕಾರ ಬಂಧುಗಳೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ. ಸೀರೆ ನೇಯುವವರ ಊರಿನಲ್ಲಿ ಸನ್ಮಾನಕ್ಕೆ ಮಿಲ್ಲಿನ ಶಾಲು ತಂದಿದ್ದೀರಿ, ಇರಲಿ. ನಿರೂಪಕರು ನನ್ನನ್ನು ಮೊಳಕಾಲ್ಮೂರನ್ನು ರಾಜಧಾನಿಗೆ ಮುಟ್ಟಿಸಿದ ಧೀಮಂತ ಎಂದು ಕರೆದರು. ಮುಟ್ಟಿಸಿದ್ದು ನಿಜ. ಆದರೆ ಅಲ್ಲಿಗೆ ಹೋದವರು ಯಾರು, ಬರಿಗೈಲಿ ವಾಪಸು ಬಂದವರು ಯಾರು? ಅದನ್ನು ಅವರು ಹೇಳಲಿಲ್ಲ, ನಾನು ಹೇಳುತ್ತೇನೆ.

ಬೆಂಗಳೂರಿನ ಪೇಟೆಯಲ್ಲಿ ನಮ್ಮವರದೊಂದು ಛತ್ರ ಇದ್ದದ್ದು ಹಿರಿಯರಿಗೆ ಗೊತ್ತು. ಸೀರೆ ಗಂಟು ಹೊತ್ತು ಹೋದವರಿಗೆ ಅಲ್ಲೇ ಸ್ನಾನ, ಅಲ್ಲೇ ಅಡುಗೆ, ಅಲ್ಲೇ ವ್ಯಾಪಾರ. ತೊಂಬತ್ತಾರರಲ್ಲಿ ಒಂದು ಕಂಪನಿಯವರು ಇಡೀ ಬೀದಿಯನ್ನೇ ಕೊಂಡು ಕೆಡವಲು ಬಂದರು. ಕೆಳಗೆ ಅಂಗಡಿ, ಮೇಲೆ ಆಫೀಸು, ಅದರ ಮೇಲೆ ಹೋಟೆಲು, ತುದಿಯಲ್ಲಿ ಜನರ ವಾಸ. ಛತ್ರದ ಬದಲಿಗೆ ನಿಮಗೊಂದು ಮಳಿಗೆ ಕೊಡುತ್ತೇವೆ, ಎಷ್ಟನೇ ಅಂತಸ್ತಿನಲ್ಲಿ ಬೇಕು ಎಂದು ಕೇಳಿದರು. ನಮ್ಮ ನೇಕಾರರ ಸಂಘದ ಪರವಾಗಿ ಮಾತಾಡಲು ಹೋದವನು ನಾನು. ಜೊತೆಗೆ ನನ್ನ ಅಣ್ಣ ಗೋವಿಂದಪ್ಪ.

ಅಣ್ಣ ಕೇಳಿದ್ದು ಒಂದೇ. ಮಹಡಿ ಬೇಡ, ರಸ್ತೆಗೆ ಸಮನಾದ ಜಾಗ ಬೇಕು. ಯಾಕೆ? ನಮ್ಮದು ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮಹಡಿಯಲ್ಲಿ ತೋಡಿದರೆ ಕೆಳಗಿನವರ ತಲೆಯ ಮೇಲೆ ನನ್ನ ಕಾಲು ಬರುತ್ತದೆ ಎಂದು ಅಣ್ಣ ಹೇಳಿದಾಗ ಕಂಪನಿಯವರೂ ನಕ್ಕರು, ನಾವೂ ನಕ್ಕೆವು. ಕೊಳ್ಳಲು ಬಂದವರ ಕಣ್ಣೆದುರೇ ನೇಯಬೇಕು, ಕೈಮಗ್ಗ ಎಂದರೇನೆಂದು ತೋರಿಸಬೇಕು ಎಂಬುದು ಅವನ ಆಸೆ. ಬೇರೆ ಆಸೆ ಅವನಿಗಿರಲಿಲ್ಲ.

ಕಟ್ಟಡ ಏಳಲು ಐದು ವರ್ಷ ಹಿಡಿಯಿತು. ಬೆಂಗಳೂರಿಗೆ ಹೊರಡುವ ಮುನ್ನ ಅಣ್ಣ ಮನೆಯ ಮಗ್ಗ ಬಿಚ್ಚಿದ, ಗುಂಡಿಗೆ ಮಣ್ಣು ತುಂಬಿದ. ನೇಯುವವನಿಲ್ಲದ ಗುಂಡಿಯನ್ನು ತೆರೆದಿಡಬಾರದು, ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಮತ್ತೆ ತೋಡಬಾರದು ಎಂಬುದು ನಮ್ಮ ಮನೆತನದ ನಡವಳಿಕೆ. ಮೊದಲು ಅಲ್ಲಿ ನೋಡಿಕೊಂಡು ಬನ್ನಿ, ಆಮೇಲೆ ಮುಚ್ಚಿದರಾಯಿತು ಎಂದು ಅತ್ತಿಗೆ ಚಿತ್ತಮ್ಮ ಹೇಳಿದರು. ಅವನು ಕೇಳಲಿಲ್ಲ.

ಕೇಳಿದಂತೆ ರಸ್ತೆಗೆ ಸಮನಾದ ಮಳಿಗೆಯನ್ನೇ ಕೊಟ್ಟಿದ್ದರು, ಮುಖ ಕಾಣುವಷ್ಟು ಹೊಳೆಯುವ ನೆಲ. ಅಣ್ಣ ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು, ಹಾರೆ ಎತ್ತಿದ. ಕಾವಲಿನವನು ಓಡಿಬಂದ, ಹಿಂದೆಯೇ ಇಂಜಿನಿಯರು ಬಂದರು. ಯಜಮಾನರೇ, ಕೆಳಗೆ ಮೂರು ಅಂತಸ್ತು ಕಾರು ನಿಲ್ಲಿಸುವ ಜಾಗ ಇದೆ ಎಂದರು. ಅಣ್ಣನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಷ್ಟು ಜನರ ನಡುವೆ ಕನ್ನಡ ಮರೆತು, ಮನೆಯ ತೆಲುಗಿನಲ್ಲಿ ನನ್ನನ್ನು ಕೇಳಿದ.

"ಭೂಮಿ ಏದಿರಾ?"

ಭೂಮಿ ಎಲ್ಲೋ ಎಂದು. ಭೂಮಿಯ ಮೇಲೆ ಕಟ್ಟಿದ ಕಟ್ಟಡದಲ್ಲಿ ಕಾಲ ಕೆಳಗೆ ಭೂಮಿ ಇರುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು. ನೇಕಾರರಲ್ಲದೆ ಬೇರೆ ಯಾರು ಹಾಗೆ ನಂಬಿಯಾರು?

ಕಂಪನಿಯವರು ಕಟ್ಟೆ ಕಟ್ಟಿಸಿ ಎತ್ತರದ ಮಗ್ಗ ಹಾಕಿಸಿಕೊಟ್ಟರು. ಅಣ್ಣ ಒಂದೆರಡು ದಿನ ಕೂತ. ಬಂದವರು ಸೀರೆ ನೋಡುವುದು ಬಿಟ್ಟು ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಅವನು ಊರಿನ ಬಸ್ಸು ಹತ್ತಿದ. ಮಳಿಗೆ ಉಳಿಯಿತು, ವ್ಯಾಪಾರ ಚೆನ್ನಾಗಿದೆ, ಅದಕ್ಕೇ ಈ ಶಾಲು. ಸನ್ಮಾನದ ದಿನ ಹೇಳುವ ಮಾತಲ್ಲ, ಆದರೂ ಹೇಳುತ್ತೇನೆ, ನನಗೆ ಬಹಳ ಬೇಜಾರಿದೆ.

ನಾಲ್ಕು ವರ್ಷದಿಂದ ಅಣ್ಣ ನೇಯ್ದಿಲ್ಲ, ಮನೆಯಲ್ಲಿ ಗುಂಡಿಗೆ ಬೇರೆ ಜಾಗವೂ ಇಲ್ಲ. ಹೋದ ವಾರ ಈ ಸಭೆಗೆ ಕರೆಯಲು ಹೋದವನು, ನಡವಳಿಕೆ ಹಾಳಾಗಲಿ ಎಂದು, ಅವನನ್ನು ಕೇಳದೆಯೇ ಹಳೆಯ ಜಾಗದಲ್ಲಿ ಗುಂಡಿ ತೋಡಿದೆ. ಅವನು ಬೈಯಲಿಲ್ಲ. ಬಂದು ಅಂಚಿನಲ್ಲಿ ಕೂತು ಕಾಲು ಇಳಿಬಿಡಲು ನೋಡಿದ. ಮಂಡಿ ಬಗ್ಗಲಿಲ್ಲ. ಕೈಯಿಂದ ಒತ್ತಿ ಇನ್ನೊಮ್ಮೆ ನೋಡಿದ. ಅತ್ತಿಗೆ ಎದ್ದು ಒಳಗೆ ಹೋದರು.

"ಕಾಲು ಮರ್ತುಬಿಟ್ಟವೆ ಕಣಲೇ," ಎಂದ. "ಮುಚ್ಚಿಬಿಡು. ಯಾರಾದ್ರೂ ಬಿದ್ದಾರು."

ನನ್ನ ಕೈಯಾರೆ ಮುಚ್ಚಿ ಬಂದಿದ್ದೇನೆ, ಸಭಿಕರೇ. ಕರೆದವರಿಗೂ ಇಷ್ಟು ಹೊತ್ತು ಕೂತು ಕೇಳಿದವರಿಗೂ ನಾನು ಋಣಿ. ನಮಸ್ಕಾರ.