ಐದರಲ್ಲೊಂದು ಸಲ

ಹಲೋ? ಯಾರು ಮಾತಾಡ್ತಿರೋದು? ... ಯಾರು? ... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಹಿಟ್ಟು ಕಲಸೋ ಮೆಷೀನು ಓಡ್ತಿದೆ. ತಡೀರಿ, ಆಫ್ ಮಾಡ್ತೀನಿ ...

ಹಾಂ, ಈಗ ಹೇಳಿ. ಹೌದು, ಬೇಕರಿನೇ ... ಅಯ್ಯೋ, ನೀನೇನೋ ತಮ್ಮಾ! ಇದ್ಯಾರ ನಂಬರು? ... ಗಡಿಯಾರ ರಿಪೇರಿ ಯಜಮಾನ್ರ ಮನೆ ಫೋನಾ? ಇವತ್ತಾದ್ರೂ ಕೇಳಿದ್ಯಾ? ...

ಪೋಕರ್ ಆಡ್ತಿದೀಯಾ. ಐದು ಭಾನುವಾರದಿಂದ ಅದೇ ಆಯ್ತಲ್ಲೋ. ನಿನ್ನನ್ನ ಕಳಿಸಿದ್ದು ಅವರ ಮಗಳನ್ನ ಕೊಡ್ತೀರಾ ಅಂತ ಕೇಳೋಕೆ, ಇಸ್ಪೀಟಾಡೋಕಲ್ಲ ...

ಏನು ನಿಯಮ? ... ಒಂದಾಟಕ್ಕೆ ಒಬ್ಬೊಬ್ಬರು ಒಂದು ಫೋನ್ ಮಾಡಬಹುದಾ? ಯಾರಿಗೆ ಬೇಕಾದ್ರೂ? ... ಮೂರು ನಿಮಿಷ. ಆಮೇಲೆ ಅವರೇ ಬಂದು ಕಟ್ ಮಾಡ್ತಾರಾ! ಗಡಿಯಾರದೋರು ಅಂದ್ರೆ ಹಂಗೇ ಬಿಡು. ಸರಿ, ಬೇಗ ಹೇಳು, ಎಲೆ ಏನಿದೆ? ...

ಕೈಲಿ ಎರಡು ಆಟೀನು, ಮೇಜಿನ ಮೇಲೆ ತೆರೆದಿರೋ ನಾಲ್ಕೆಲೇಲಿ ಎರಡು. ಎಕ್ಕ ನಿನ್ನ ಕೈಲೇ ಇದೆ. ಇನ್ನೊಂದು ಆಟೀನು ಬಂದ್ರೆ ಒಂದೇ ಜಾತಿ ಐದೆಲೆ, ಆಟ ನಿಂದೇ, ಅಲ್ವಾ? ... ತೆರೆಯೋಕೆ ಇನ್ನೆಷ್ಟಿದೆ? ... ಒಂದೇ. ಮಧ್ಯದಲ್ಲಿ ಎಷ್ಟಿದೆ? ... ನೂರು ಗುಂಡಿ? ಶರ್ಟಿನ ಗುಂಡೀನಾ? ... ಹ್ಹ ಹ್ಹ. ಯಜಮಾನ್ರು ಹಾಕಿದ್ದಾಯ್ತು, ಈಗ ನೀನು ಇಪ್ಪತ್ತು ಹಾಕಬೇಕು. ನಿನ್ನ ಹತ್ರ ಇರೋದೆಷ್ಟು? ... ಅದೂ ಇಪ್ಪತ್ತೇನಾ!

ಕೇಳಿಲ್ಲಿ. ಆಟೀನು ಒಟ್ಟು ಹದಿಮೂರು. ನಾಲ್ಕು ಕಂಡಿದೆ, ಒಂಬತ್ತು ಉಳೀತು. ನೀನು ನೋಡದಿರೋ ಎಲೆ ನಲವತ್ತಾರು. ಹೆಚ್ಚುಕಮ್ಮಿ ಐದರಲ್ಲೊಂದು ಸಲ ಬರುತ್ತೆ ... ಅಕ್ಕನ ಮಾತು ಪೂರ್ತಿ ಕೇಳೋ, ಆಮೇಲೆ ಹೆದರುವೆಯಂತೆ! ಇದೇ ಆಟ ಐದು ಸಲ ಆಡಿದೆ ಅನ್ಕೋ. ನಾಲ್ಕು ಸಲ ಸೋತೆ, ಎಂಬತ್ತು ಗುಂಡಿ ಹೋಯ್ತು. ಒಂದು ಸಲ ಗೆದ್ದೆ, ನೂರು ಬಂತು. ಉಳಿದಿದ್ದೆಷ್ಟು? ... ಹಾಂ, ಇಪ್ಪತ್ತು. ಸಲಕ್ಕೆ ನಾಲ್ಕು ಗುಂಡಿ ಲಾಭ. ಮಧ್ಯದಲ್ಲಿ ಬರೀ ಅರವತ್ತಿದ್ದಿದ್ರೆ ಎಲೆ ಬಿಸಾಕು ಅಂತಿದ್ದೆ. ನೂರಿದೆ, ಹಾಕು.

ಈ ಲೆಕ್ಕ ಯಾರು ಕಲಿಸಿದ್ರು ಅಂದ್ರೆ? ಇನ್ನೊಂದು ಟ್ರೇ ಬ್ರೆಡ್ಡು ಒಲೆಗಿಡ್ಲಾ ಬೇಡ್ವಾ ಅಂತ ದಿನಾ ಬೆಳಿಗ್ಗೆ ನಾನಾಡೋದು ಇನ್ನೇನೋ? ಕೆಲವು ದಿನ ಉಳಿದು ಒಣಗುತ್ತೆ, ಅಳ್ತೀನಾ? ...

ಸೋತ್ರೆ ಏನೀಗ, ಗುಂಡಿ ಖಾಲಿ, ಎದ್ದು ಬಾ ... ಏನು? ಗುಂಡಿ ಖಾಲಿಯಾದೋರನ್ನ ಒಂದು ವರ್ಷ ಆಟಕ್ಕೆ ಕರೆಯೋದೇ ಇಲ್ವಾ? ... ಓಹೋ, ಅದಕ್ಕೇನಾ ಐದು ವಾರದಿಂದ ಬರೀ ಎಲೆ ಬಿಸಾಕ್ತಾ ಕೂತಿರೋದು!

ಒಪ್ಪಿದೆ ಮಾರಾಯ, ಐದು ಸಲ ಆಡೋರಿಗೆ ಆ ಲೆಕ್ಕ, ನಿನಗಿರೋದು ಒಂದೇ ಸಲ. ಆದ್ರೆ ಎಲೆ ಬಿಸಾಕಿದ್ರೂ ಸುತ್ತಿಗೊಂದು ಗುಂಡಿ ಕಟ್ಟಲೇಬೇಕಲ್ವಾ? ... ಮೊದಲ ವಾರ ಎಷ್ಟರಿಂದ ಶುರು ಮಾಡಿದ್ದೆ? ... ನೂರೈವತ್ತು! ನೂರೈವತ್ತರಿಂದ ಇಪ್ಪತ್ತಕ್ಕಿಳಿದಿದೀಯ, ಒಂದು ಸಲಾನೂ ಆಡದೆ! ಕೂತು ತಿನ್ನೋನಿಗೆ ಕುಡಿಕೆ ಹೊನ್ನೂ ಸಾಲದು ಕಣೋ. ಅವರ ಮಗಳೂ ಮೇಜಿನ ಹತ್ರಾನೇ ಇದಾಳಾ? ... ಪಾಪ, ಅವಳು ಊರೆಲ್ಲಾ ಬಸ್ ಓಡಿಸ್ತಾಳೆ, ನೀನು ಬರೀ ಬ್ರೇಕ್ ಒತ್ತುತೀಯ. ಹೋಗು, ಗುಂಡಿ ಹಾಕು, ಆಮೇಲೆ ಬಾಯಿ ಬಿಟ್ಟು ಕೇಳು ... ಹಲೋ? ... ಹೋಗೇಬಿಟ್ಯಾ?

ಯಾರು? ... ಓ, ಯಜಮಾನ್ರಾ! ನಮಸ್ಕಾರ, ನಮಸ್ಕಾರ. ಮೂರು ನಿಮಿಷ ಆಗ್ಹೋಯ್ತಾ? ... ಇನ್ನೂ ಸ್ವಲ್ಪ ಇದ್ಯಾ? ಕೇಳಿ, ಅದಕ್ಕೇನು ...

ಅವನು ಪುಕ್ಕಲನಾ ಅಂತ ಕೇಳ್ತಿದೀರಾ? ... ಹೌದು. ನಿಮ್ಮ ಹತ್ರ ಸುಳ್ಳು ಯಾಕೆ. ಒಂದು ಜೊತೆ ಚಪ್ಪಲಿ ತಗೊಳ್ಳೋಕೆ ಮೂರು ಸಲ ಅಂಗಡಿಗೆ ಹೋಗಿ ಬರ್ತಾನೆ.

ಆದ್ರೆ ಒಂದು ಮಾತು ಯಜಮಾನ್ರೇ. ಹೋದ ವರ್ಷ ಒಲೆ ಬೆಂಕಿಗೆ ನನ್ನ ಎರಡೂ ಕೈ ಸುಟ್ಟಿತ್ತು. ಅದೇ ವಾರ ಇವನಿಗೆ ಹಡಗಿನ ಕೆಲಸದ ಕಾಗದ ಬಂತು, ಮೂರು ವರ್ಷ ಕಾದಿದ್ದ ಕೆಲಸ. ಬರಲ್ಲ ಅಂತ ಬರೆದು ಹಾಕ್ದ. ಏಳು ತಿಂಗಳು ಹಿಟ್ಟು ಕಲಸ್ದ, ನನಗೆ ತಲೆ ಬಾಚ್ದ, ತುತ್ತು ತಿನ್ನಿಸ್ದ. ಆವತ್ತು ಯಾರಿಗೂ ಫೋನ್ ಮಾಡಿ ಕೇಳಲಿಲ್ಲ, ಲೆಕ್ಕಾನೂ ಹಾಕ್ಲಿಲ್ಲ. ಹಾಕಿದ್ರೆ ಅವನಿಗೇ ನಷ್ಟ ಅಂತ ಗೊತ್ತಾಗ್ತಿತ್ತು ...

ಹಲೋ? ಇದೀರಾ? ... ಒಳಗೇನದು ಸದ್ದು? ... ಗುಂಡಿ ಹಾಕ್ದನಾ? ಇಪ್ಪತ್ತೂ? ... ಎಲೆ ಏನು ಬಂತು? ... ತೆರೆಯೋಕೆ ಬಿಡ್ತಿಲ್ವಾ? ಯಾಕಂತೆ? ... ಅದು ಯಾವುದಾದ್ರೂ ಆಗ್ಲಿ, ಮೊದ್ಲು ಒಂದು ಮಾತು ಕೇಳ್ಬೇಕು ಅಂದ್ನಾ? ...

ಅಯ್ಯೋ, ಕೇಳೇಬಿಟ್ನಾ! ಎಲ್ಲರ ಮುಂದೇನಾ? ... ಮಗಳು ಏನಂದ್ಲು? ... ಇಷ್ಟು ದಿನ ಬೇಕಾಯ್ತಾ ಅಂತ ಬೈದ್ಲಾ? ಸರಿಯಾಗೇ ಬೈದಿದಾಳೆ ... ಮತ್ತೆ ನೀವು? ... ನೀವೇನಂದ್ರಿ ಯಜಮಾನ್ರೇ? ...

ಹಾಂ? ... ಇನ್ನೊಂದು ಸಲ ಹೇಳಿ ... ಇಲ್ಲ, ಅಳ್ತಿಲ್ಲ ... ಹೌದು, ಅಳ್ತಿದೀನಿ, ಏನೀಗ! ... ಅವನಿಗೆ ಕೊಡಿ ಫೋನು, ಒಂದೇ ಒಂದು ಮಾತು ... ಟೈಮಾಯ್ತಾ? ಬೀಗರು ಅಂತ ನೀವೇ ಬಾಯಿತುಂಬ ಕರೆದು, ಹತ್ತು ಸೆಕೆಂಡು ಜಾಸ್ತಿ ಕೊಡೋಕಾಗಲ್ವಾ? ... ಹಲೋ? ... ಬೀಗರೇ? ... ಹಲೋ ...